ಸೋಮವಾರಪೇಟೆ ಸುತ್ತ ನಕ್ಷತ್ರ ನೋಡಲು ಜಾಗ ಯಾವುದು, ಹೊತ್ತು ಯಾವುದು?

ಐಗೂರುಹೊಳೆ (ಪ್ರಶ್ನೆ)

ಸೋಮವಾರಪೇಟೆಯಿಂದ 20–25 ಕಿ.ಮೀ. ಒಳಗೆ, ರಾತ್ರಿ ಎರಡು ಮೂರು ಗಂಟೆ ಕೂತು ಆಕಾಶ ನೋಡುವಂಥ ಜಾಗ ಬೇಕು. ಸಲಕರಣೆ ಇಷ್ಟೇ: ಒಂದು 10×50 ಬೈನಾಕ್ಯುಲರ್, ಒಂದು 6 ಇಂಚಿನ ಡಾಬ್ಸೋನಿಯನ್ ದೂರದರ್ಶಕ. ಆಸಕ್ತಿ ಮುಖ್ಯವಾಗಿ ದಕ್ಷಿಣದ ಕಡೆಗೆ: ಅಗಸ್ತ್ಯ (ಕ್ಯಾನೋಪಸ್ ನಕ್ಷತ್ರ), ತ್ರಿಶಂಕು (ಶಿಲುಬೆಯಾಕಾರದ ಸದರ್ನ್ ಕ್ರಾಸ್), ಒಮೆಗಾ ಸೆಂಟಾರಿ (ನಕ್ಷತ್ರಗುಚ್ಛ).

ಗೊತ್ತಾಗಬೇಕಾದದ್ದು:

ಮಾಂದಲಪಟ್ಟಿ, ಕೋಟೆಬೆಟ್ಟ, ಪುಷ್ಪಗಿರಿ ಅಂತ ಎಲ್ಲರೂ ಹೇಳುತ್ತಾರೆ. ರಾತ್ರಿ ಅಲ್ಲಿ ಇರಲು ಬಿಡುತ್ತಾರಾ? ಬಿಡದಿದ್ದರೆ ಬೇರೆ ಜಾಗವನ್ನು ಹೇಗೆ ಅಳೆದು ಆರಿಸುವುದು?

ಎಂಟು ಗಂಟೆಗೆ ಚೊಕ್ಕವಾಗಿರುವ ಆಕಾಶ ಹನ್ನೊಂದಕ್ಕೆ ಮಂಜಿನಲ್ಲಿ ಮುಳುಗಿರುತ್ತದೆ. ಹೊರಡುವ ಮೊದಲೇ ಇದು ತಿಳಿಯುವ ದಾರಿ ಇದೆಯಾ?

ಯಾವ ತಿಂಗಳು, ಎಷ್ಟು ಗಂಟೆಗೆ ಏನು ಕಾಣುತ್ತದೆ? ಇಂಗ್ಲಿಷ್ ಪುಸ್ತಕಗಳೆಲ್ಲ 40 ಡಿಗ್ರಿ ಉತ್ತರದ ಲೆಕ್ಕ ಕೊಡುತ್ತವೆ, ನಮಗೆ ತಾಳೆಯಾಗುವುದಿಲ್ಲ.

---

ಕಣದ ಕಾವಲು

ಹೆಸರಾದ ಬೆಟ್ಟಗಳನ್ನು ಮೊದಲು ಪಟ್ಟಿಯಿಂದ ತೆಗೆದುಬಿಡಿ. ಪುಷ್ಪಗಿರಿ ವನ್ಯಜೀವಿ ಧಾಮ, ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಮಾಂದಲಪಟ್ಟಿ ದಾರಿಗೆ ಅರಣ್ಯ ಇಲಾಖೆಯ ಗೇಟು ಇದೆ, ಅದು ಹಗಲಿನ ಜಾಗ. ತಲಕಾವೇರಿ, ಬ್ರಹ್ಮಗಿರಿ ಕಡೆಯೂ ಅದೇ ಕತೆ. ಕೋಟೆಬೆಟ್ಟದ ತುದಿಯಲ್ಲಿ ರಾತ್ರಿ ದಾರಿ ತಪ್ಪಿದರೆ ಕೇಳುವವರಿಲ್ಲ.

ಅಷ್ಟಕ್ಕೂ ಬೆಟ್ಟದ ತುದಿ ನಿಮಗೆ ಬೇಕಾಗಿಯೂ ಇಲ್ಲ. ಸೋಮವಾರಪೇಟೆಯೇ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ. ಇನ್ನೂ ಐನೂರು ಮೀಟರ್ ಹತ್ತಿದರೆ ಬರಿಗಣ್ಣಿಗೆ ಸಿಗುವ ಲಾಭ ಅತ್ಯಲ್ಪ. ಜಾಗಕ್ಕೆ ಇರಬೇಕಾದ ಗುಣ ಎರಡೇ: ದಕ್ಷಿಣ ತೆರೆದಿರಬೇಕು, ಯಾವ ದೀಪವೂ ನೇರವಾಗಿ ಕಣ್ಣಿಗೆ ಬೀಳಬಾರದು.

ತೆರೆದಿರುವುದು ಅಂದರೆ ಎಷ್ಟು? ಎಲ್ಲರೂ ಬೆಟ್ಟ ಅಡ್ಡ ಬರುತ್ತದೆ ಅಂತ ಹೆದರುತ್ತಾರೆ. ಪಟ್ಟಣದಿಂದ 18 ಕಿ.ಮೀ. ದೂರದ 1,712 ಮೀಟರಿನ ಪುಷ್ಪಗಿರಿ ಮುಚ್ಚುವುದು ದಿಗಂತದ ಎರಡೇ ಎರಡು ಡಿಗ್ರಿ. ಅದೇ 25 ಮೀಟರ್ ಎತ್ತರದ ಸಿಲ್ವರ್ ಓಕ್ ಸಾಲು 50 ಮೀಟರ್ ದೂರದಲ್ಲಿದ್ದರೆ 27 ಡಿಗ್ರಿ ನುಂಗುತ್ತದೆ. ತ್ರಿಶಂಕು ಇಲ್ಲಿ ಅತಿ ಎತ್ತರಕ್ಕೆ ಬಂದಾಗಲೂ ಅದರ ನಡುಭಾಗ ಇರುವುದು 17 ಡಿಗ್ರಿಯಲ್ಲಿ. ಅಂದರೆ ನಿಮ್ಮ ಶತ್ರು ಬೆಟ್ಟವಲ್ಲ, ತೋಟದ ನೆರಳುಮರ. ದಕ್ಷಿಣದ ಮರ 25 ಮೀಟರ್ ಎತ್ತರದ್ದಾದರೆ ಅದರಿಂದ ಕನಿಷ್ಠ 140 ಮೀಟರ್ ಹಿಂದೆ ಸರಿದು ಕೂತರೆ ಅಡ್ಡಿ 10 ಡಿಗ್ರಿಗೆ ಇಳಿಯುತ್ತದೆ.

ಅಳೆಯುವುದು ಹಗಲಲ್ಲೇ. ಕೈ ಪೂರ್ತಿ ನೀಡಿ ಮುಷ್ಟಿ ಹಿಡಿದರೆ ಅಗಲ ಸುಮಾರು 10 ಡಿಗ್ರಿ, ಕಿರುಬೆರಳು 1 ಡಿಗ್ರಿ. ದಿಗಂತದಿಂದ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಎಣಿಸಿ. ದಕ್ಷಿಣದಲ್ಲಿ ಮರದ ತುದಿ ಒಂದು ಮುಷ್ಟಿಯೊಳಗೆ ಇದ್ದರೆ ಜಾಗ ಆಗುತ್ತದೆ, ಎರಡು ದಾಟಿದರೆ ಬಿಡಿ. ಮೊಬೈಲ್ ದಿಕ್ಸೂಚಿ ಬಳಸುವಾಗ ಕಾರಿನ ಬಾನೆಟ್ ಮೇಲಿಟ್ಟು ನೋಡಬೇಡಿ, ಕಬ್ಬಿಣ ಅದನ್ನು ಕೆಡಿಸುತ್ತದೆ.

ಇಂಥ ಜಾಗ ಎಲ್ಲಿ ಸಿಗುತ್ತದೆ ಅಂದರೆ, ಮೊದಲು ಕಾಫಿ ಒಣಗಿಸುವ ಕಣ. ಸಪಾಟು, ಮರವಿಲ್ಲ, ಕೆಸರಿಲ್ಲ, ಮನೆ ಕೂಗಳತೆಯಲ್ಲಿ. ಆಮೇಲೆ ಮರ ಕಡಿಮೆಯಿರುವ ಬಾಣೆ (ಗದ್ದೆಗೆ ಸೇರಿದ ಎತ್ತರದ ನೆಲ), ಹಳ್ಳಿ ಶಾಲೆಯ ಮೈದಾನ, ಊರಾಚೆಯ ದೇವಸ್ಥಾನದ ಬಯಲು. ಶಾಂತಳ್ಳಿ, ಬೀಡಳ್ಳಿ ಕಡೆ ಏರಿಳಿತ ಮತ್ತು ನೆರಳು ಹೆಚ್ಚು. ಶನಿವಾರಸಂತೆ, ಕೊಡ್ಲಿಪೇಟೆ ಕಡೆಗೆ ಹೋದಷ್ಟೂ ನೆಲ ತೆರೆದುಕೊಳ್ಳುತ್ತದೆ, ಮಳೆಯೂ ಕಡಿಮೆ.

ಪಟ್ಟಣದ ಬೆಳಕಿನ ವಿಚಾರದಲ್ಲಿ ಸೋಮವಾರಪೇಟೆಯವರು ಸ್ವಲ್ಪ ಪುಣ್ಯವಂತರು. ಮಡಿಕೇರಿಯ ಬೆಳಕಿನ ಗುಮ್ಮಟ ನೈಋತ್ಯದಲ್ಲಿ, ಕುಶಾಲನಗರದ್ದು ಆಗ್ನೇಯದಲ್ಲಿ. ಎರಡರ ನಡುವೆ ನೇರ ದಕ್ಷಿಣ ಮಾತ್ರ ತಕ್ಕಮಟ್ಟಿಗೆ ಕಪ್ಪಾಗಿ ಉಳಿದಿದೆ. ಹಾಗಾಗಿ ಪಟ್ಟಣವನ್ನು ಬೆನ್ನಿಗೆ ಹಾಕಿಕೊಂಡು ಕೂರಲು ಊರಿನ ದಕ್ಷಿಣಕ್ಕೆ ಜಾಗ ಹುಡುಕಿ. ಉತ್ತರಕ್ಕೆ ಹೋದರೆ ಸೋಮವಾರಪೇಟೆಯ ಬೀದಿದೀಪವೇ ತ್ರಿಶಂಕುವಿನ ಕೆಳಗೆ ಬಂದು ಕೂರುತ್ತದೆ. ಶನಿವಾರಸಂತೆ ಕಡೆ ಹೋಗುವುದಾದರೆ ಅಷ್ಟು ದೂರ ಹೋಗಿಬಿಡಿ, ಅರ್ಧದಾರಿಯಲ್ಲಿ ನಿಲ್ಲಬೇಡಿ.

ಲೈಟ್ ಪೊಲ್ಯೂಷನ್ ಮ್ಯಾಪ್ ನೋಡುವವರಿಗೆ ಒಂದು ಮಾತು. ಅದರ ಉಪಗ್ರಹ ಪದರ ತೆಗೆದ ಚಿತ್ರ ರಾತ್ರಿ ಒಂದೂವರೆ ಸುಮಾರಿನದು. ಒಂಬತ್ತು ಗಂಟೆಗೆ ಉರಿದು ಹನ್ನೆರಡಕ್ಕೆ ಆರುವ ಹೋಂಸ್ಟೇ ದೀಪ ಅದಕ್ಕೆ ಸಿಕ್ಕುವುದೇ ಇಲ್ಲ. ಬಿಳಿ ಎಲ್‌ಇಡಿಯ ನೀಲಿ ಭಾಗವನ್ನೂ ಆ ಸಂವೇದಕ ಗ್ರಹಿಸುವುದಿಲ್ಲ. ನಕ್ಷೆಯಲ್ಲಿ ಕಪ್ಪಾಗಿದೆ ಅಂತ ನಂಬಿ ಹೋಂಸ್ಟೇ ಕಾದಿರಿಸುವ ಮೊದಲು ಫೋನು ಮಾಡಿ, ಅಂಗಳದ ದೀಪ ಆರಿಸುತ್ತೀರಾ ಅಂತ ಕೇಳಿಬಿಡಿ. "ಆರಿಸೋದಕ್ಕೆ ಆಗಲ್ಲ, ಗೆಸ್ಟ್ ಬರ್ತಾರೆ" ಅಂದರೆ ಅಲ್ಲಿಗೆ ಮುಗಿಯಿತು.

---

ಮಂಜುಮಾಪಕ

ಎರಡನೇ ಪ್ರಶ್ನೆಗೆ ಬರುತ್ತೇನೆ. ಕೊಡಗಿನಲ್ಲಿ ಕತ್ತಲೆಗೆ ಬರವಿಲ್ಲ, ಒಣಗಾಳಿಗೆ ಬರ. ಜಾಗ ಆರಿಸುವಾಗಲೂ ಮಂಜನ್ನೇ ಮುಂದಿಟ್ಟುಕೊಂಡು ಆರಿಸಬೇಕು.

ಡಿಸೆಂಬರ್–ಫೆಬ್ರವರಿಯ ಮಂಜು ಆಕಾಶದಿಂದ ಇಳಿಯುವುದಲ್ಲ, ನೆಲದಿಂದ ಏಳುವುದು. ಮೋಡವಿಲ್ಲದ ರಾತ್ರಿ ನೆಲ ಶಾಖವನ್ನು ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣಿದು ಭಾರವಾಗಿ ಇಳಿಜಾರಿನಲ್ಲಿ ಹರಿದು ಗದ್ದೆಬಯಲಿಗೆ ಸೇರುತ್ತದೆ. ಅಲ್ಲಿ ಹೊಳೆ, ತೇವದ ಮಣ್ಣು. ನೀರಿನ ಹಾಗೆ ತಗ್ಗು ತುಂಬುತ್ತಾ ಬರುತ್ತದೆ. ಅದಕ್ಕೇ ಗದ್ದೆ ನಡುವಿನ ಬಯಲು ಎಷ್ಟೇ ವಿಶಾಲವಾಗಿದ್ದರೂ ಈ ಕೆಲಸಕ್ಕೆ ಕೆಟ್ಟ ಜಾಗ. ಬಯಲಿನ ತಳದಿಂದ 50–100 ಮೀಟರ್ ಮೇಲಿನ ನಡುಇಳಿಜಾರು ರಾತ್ರಿಯೆಲ್ಲ ಎರಡು ಮೂರು ಡಿಗ್ರಿ ಬೆಚ್ಚಗಿರುತ್ತದೆ, ಎಷ್ಟೋ ಸಲ ಮಂಜು ಕೆಳಗೇ ಉಳಿಯುತ್ತದೆ. ಹಳಬರು ಐನ್‌ಮನೆಗಳನ್ನು (ಕೊಡವರ ಕುಲದ ಮೂಲಮನೆಗಳನ್ನು) ಗದ್ದೆಗಿಂತ ಒಂದು ಹಂತ ಮೇಲೆ ಕಟ್ಟಿದ್ದನ್ನು ನೋಡಿ, ಅದೇ ಎತ್ತರ ನಿಮಗೂ ಸರಿ.

ಹೊರಡುವ ಮೊದಲಿನ ಲೆಕ್ಕ: ಮೊಬೈಲಿನಲ್ಲಿ ಅಥವಾ ಮನೆಯ ಮಾಪಕದಲ್ಲಿ ಸಾಪೇಕ್ಷ ಆರ್ದ್ರತೆ ನೋಡಿ. ನೂರರಿಂದ ಅದನ್ನು ಕಳೆದು ಐದರಿಂದ ಭಾಗಿಸಿ. ಗಾಳಿ ಇನ್ನೆಷ್ಟು ಡಿಗ್ರಿ ತಣಿದರೆ ಇಬ್ಬನಿ ಬಿಂದು ಮುಟ್ಟುತ್ತದೆ ಅನ್ನುವುದು ಅಂದಾಜಾಗಿ ಸಿಗುತ್ತದೆ. ಆರ್ದ್ರತೆ 75 ಇದ್ದರೆ 5 ಡಿಗ್ರಿ, 85 ಇದ್ದರೆ 3, 90 ಇದ್ದರೆ 2. ಒಂಬತ್ತು ಗಂಟೆಯ ನಂತರ ಗಂಟೆಗೆ ಅರ್ಧದಿಂದ ಒಂದು ಡಿಗ್ರಿ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಒಂಬತ್ತಕ್ಕೆ ಅಂತರ 5 ಇದ್ದರೆ ಧೈರ್ಯವಾಗಿ ಹೋಗಬಹುದು. 2 ಇದ್ದರೆ ಹನ್ನೊಂದರಿಂದ ಒಂದರೊಳಗೆ ಮಂಜು ಬರಬಹುದು, ಅಂಥ ದಿನಗಳಲ್ಲಿ ಹೋಗುವುದಾದರೆ ಏಳೂಕಾಲಕ್ಕೇ ಹೋಗಿ ಹತ್ತಕ್ಕೆ ಗಂಟುಮೂಟೆ ಕಟ್ಟಿ. ಡಿಸೆಂಬರಿನಲ್ಲಿ ಸೂರ್ಯ 6.05ರ ಸುಮಾರಿಗೆ ಮುಳುಗುತ್ತಾನೆ, 7.20ಕ್ಕೆಲ್ಲ ಪೂರ್ತಿ ಕತ್ತಲು. ಸಂಜೆಯ ಆ ಮೂರು ಗಂಟೆಯನ್ನು ಜನ ಊಟ ಮಾಡುತ್ತಾ ಕಳೆದು, ಹನ್ನೊಂದಕ್ಕೆ ಬಂದು ಮಂಜನ್ನು ಬಯ್ಯುತ್ತಾರೆ.

ಉಪಗ್ರಹ ಚಿತ್ರ ನೋಡುವವರು ಮೋಸ ಹೋಗುವುದೂ ಇಲ್ಲೇ. ಹವಾಮಾನ ಇಲಾಖೆಯ ಇನ್ಸಾಟ್ ಚಿತ್ರಗಳಲ್ಲಿ ಮಾಮೂಲಿ ಇನ್‌ಫ್ರಾರೆಡ್ ಪದರ ತಾಪವನ್ನು ತೋರಿಸುತ್ತದೆ. ನೆಲದ ಮಂಜಿನ ತಾಪ ನೆಲದಷ್ಟೇ ಇರುವುದರಿಂದ ರಾತ್ರಿ ಅದು ಕಾಣುವುದೇ ಇಲ್ಲ, ಚಿತ್ರದಲ್ಲಿ ಕೊಡಗು ಬರಿದಾಗಿ ಕಾಣುತ್ತದೆ. ನೈಟ್ ಮೈಕ್ರೊಫಿಸಿಕ್ಸ್ ಎಂಬ ಬಣ್ಣದ ಚಿತ್ರ ತೆಗೆಯಿರಿ, ತಗ್ಗು ಮೋಡ ಮತ್ತು ಮಂಜು ಅದರಲ್ಲಿ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತವೆ. ವಿಂಡಿ ಆ್ಯಪಿನಲ್ಲಿ ಒಟ್ಟು ಮೋಡವನ್ನಲ್ಲ, 'ಲೋ ಕ್ಲೌಡ್ಸ್' ಪದರವನ್ನು ನೋಡಬೇಕು.

ಗಾಳಿಯ ದಿಕ್ಕೂ ಮುಖ್ಯ. ಡಿಸೆಂಬರಿನಿಂದ ಫೆಬ್ರವರಿವರೆಗೆ ಮೂಡಣಗಾಳಿ, ಒಣಗಾಳಿ. ಮಾರ್ಚ್ ನಡುವಿನಿಂದ ಮಧ್ಯಾಹ್ನದ ಮೇಲೆ ಪಡುವಣಗಾಳಿ ಸಮುದ್ರದ ತೇವ ಹೊತ್ತು ಘಟ್ಟ ಹತ್ತುತ್ತದೆ, ಪಶ್ಚಿಮದ ಬೆಟ್ಟಗಳ ತಲೆಗೆ ಮೋಡ ಅಂಟಿಕೊಳ್ಳುತ್ತದೆ. ಆಗ ಬೆಟ್ಟದ ಸಾಲಿನಿಂದ ಪೂರ್ವಕ್ಕೆ ಸರಿದಷ್ಟೂ ಒಳ್ಳೆಯದು. ಏಪ್ರಿಲ್–ಮೇ ಗುಡುಗುಮಳೆಯ ಮೋಡ ಸಂಜೆ ಕಟ್ಟಿ ನಡುರಾತ್ರಿ ಹೊತ್ತಿಗೆ ಕರಗುವುದುಂಟು. ಆ ತಿಂಗಳಲ್ಲಿ ಒಂಬತ್ತಕ್ಕೆ ಮಲಗಿ ಒಂದಕ್ಕೆ ಏಳುವವರೇ ಜಾಣರು.

ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ಮಾರನೆಯ ರಾತ್ರಿ ಅಂತ ಕೆಲವರು ಕಾಯುತ್ತಾರೆ. ಮಳೆ ಹೊಗೆ, ಧೂಳು ತೊಳೆಯುವುದು ನಿಜ, ಆದರೆ ಮೊದಲ ರಾತ್ರಿ ನೆಲ ನೆಂದಿರುತ್ತದೆ, ಮಂಜು ದಟ್ಟ. ಎರಡನೆಯ ರಾತ್ರಿ ಲೇಸು. ಕಾಫಿಗೆ ಸ್ಪ್ರಿಂಕ್ಲರ್ ಬಿಟ್ಟಿರುವ ತೋಟದ ಪಕ್ಕವೂ ಇದೇ ತೊಂದರೆ. ಮಳೆ ಹೊಯ್ಯದೆ ಉಳಿದ ಫೆಬ್ರವರಿ–ಮಾರ್ಚಿನಲ್ಲಿ ಕಾಡ್ಗಿಚ್ಚಿನ ಹೊಗೆ ಅಡ್ಡ. ಸಂಜೆ ನಾಲ್ಕಕ್ಕೆ ಸೂರ್ಯನನ್ನು ಹೆಬ್ಬೆರಳಿನಿಂದ ಮರೆಮಾಡಿ (ನೇರ ನೋಡಬೇಡಿ), ಸುತ್ತಲಿನ ಆಕಾಶ ಬೆರಳಿನ ಅಂಚಿನವರೆಗೂ ನೀಲಿ ಇದ್ದರೆ ರಾತ್ರಿ ಪಾರದರ್ಶಕ. ಅಗಲವಾದ ಬಿಳಿ ಪ್ರಭೆ ಇದ್ದರೆ ಮೇಲೆ ಹೊಗೆಯೋ ತೇವವೋ ಇದೆ, ಚಂದ್ರ, ಗುರು ನೋಡಬಹುದು, ತ್ರಿಶಂಕು ಬೇಡ.

---

ಡಾಬ್‌ ಮೇಷ್ಟ್ರು

ಕಣದ ಬಗ್ಗೆ ಒಂದು ತಕರಾರು. ಬೈನಾಕ್ಯುಲರ್ ಹಿಡಿದು ಮಲಗುವವರಿಗೆ ಕಣದಷ್ಟು ಸುಖದ ಜಾಗ ಇಲ್ಲ, ಬೆನ್ನಿಗೆ ಬೆಚ್ಚಗೂ ಇರುತ್ತದೆ. ಆ ಬೆಚ್ಚಗೇ ದೂರದರ್ಶಕಕ್ಕೆ ಶಾಪ. ಹಗಲೆಲ್ಲ ಕಾದ ಸಿಮೆಂಟು ಹತ್ತು ಗಂಟೆವರೆಗೂ ಶಾಖ ಬಿಡುತ್ತಿರುತ್ತದೆ, 100ರ ಮೇಲೆ ವರ್ಧನೆ ಹಾಕಿದರೆ ಗುರುಗ್ರಹ ಕುದಿಯುವ ನೀರಿನ ತಳದಲ್ಲಿರುವ ನಾಣ್ಯದ ಹಾಗೆ ಕುಣಿಯುತ್ತದೆ. ಡಾಬ್ಸೋನಿಯನ್ ಅನ್ನು ಕಣದ ಅಂಚಿನ ಹುಲ್ಲಿನ ಮೇಲೆ ಇಡಿ. ಕಣವನ್ನು ದಕ್ಷಿಣಕ್ಕೆ ಬಿಡಬೇಡಿ, ಬೆನ್ನಿಗೆ ಬಿಡಿ, ಇಲ್ಲದಿದ್ದರೆ ಅದರ ಬಿಸಿಗಾಳಿಯ ಮೂಲಕವೇ ನೋಡಬೇಕಾಗುತ್ತದೆ. 6 ಇಂಚಿನ ಕನ್ನಡಿ ಹೊರಗಿನ ತಾಪಕ್ಕೆ ಬರಲು 30–40 ನಿಮಿಷ ಬೇಕು, ಮುಚ್ಚಳ ತೆಗೆದು ಮೊದಲೇ ಹೊರಗಿಡಿ.

ಇನ್ನೊಂದು, ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಣದ ತುಂಬ ಕಾಫಿ ಹರಡಿರುತ್ತದೆ. ರಾತ್ರಿ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿರುತ್ತಾರೆ. ಅದರ ಪಕ್ಕ ಸಲಕರಣೆ ಇಡುವ ಮೊದಲು ತೋಟದ ರೈಟರಿಗೆ (ಲೆಕ್ಕ ಬರೆಯುವವರಿಗೆ) ಹೇಳಿ. ಕಾಫಿ ಕಳ್ಳರ ಕಾಲ ಅದು, ಕತ್ತಲಲ್ಲಿ ಕಾರು ನಿಲ್ಲಿಸಿಕೊಂಡು ದೀಪ ಆರಿಸಿ ಕೂತವರನ್ನು ನೋಡಿ ಯಾರೂ ಖಗೋಳಾಸಕ್ತರು ಅಂದುಕೊಳ್ಳುವುದಿಲ್ಲ.

---

ತ್ರಿಶಂಕು 12.6

ತಿಂಗಳ ಲೆಕ್ಕ. ಕೆಳಗಿನ ಎತ್ತರಗಳೆಲ್ಲ ಸೋಮವಾರಪೇಟೆಯ ಅಕ್ಷಾಂಶ 12.6 ಡಿಗ್ರಿಗೆ. ವಿರಾಜಪೇಟೆ, ಕುಟ್ಟದವರು ದಕ್ಷಿಣದ ಎತ್ತರಕ್ಕೆ ಅರ್ಧ ಡಿಗ್ರಿ ಸೇರಿಸಿಕೊಳ್ಳಿ.

ಧ್ರುವ ನಕ್ಷತ್ರ ಇಲ್ಲಿ ಉತ್ತರದಲ್ಲಿ ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ ಅಷ್ಟೇ. ಲಘು ಸಪ್ತರ್ಷಿಯ ಎಷ್ಟು ಚುಕ್ಕೆ ಕಾಣುತ್ತವೆ ಎಂದು ಎಣಿಸಿ ಆಕಾಶದ ಗುಣ ಅಳೆಯಿರಿ ಅಂತ ಇಂಗ್ಲಿಷ್ ಪುಸ್ತಕ ಹೇಳುವುದು ನಮಗೆ ಆಗುವ ಮಾತಲ್ಲ. ಬದಲಿಗೆ ಕೃತ್ತಿಕೆ ಎಣಿಸಿ. ಆರು ಮಾಮೂಲು, ಎಂಟು ಒಂಬತ್ತು ಕಂಡರೆ ಆಕಾಶ ಬಹಳ ಚೆನ್ನಾಗಿದೆ. ಕರ್ಕಾಟಕ ರಾಶಿಯ ಪುಷ್ಯದ ನಡುವೆ ಬರಿಗಣ್ಣಿಗೆ ಮಸುಕು ಮಚ್ಚೆ ಕಂಡರೆ ದೂರದರ್ಶಕ ಬಿಚ್ಚಲು ಅಡ್ಡಿಯಿಲ್ಲ.

ಅಗಸ್ತ್ಯ: ದಕ್ಷಿಣಕ್ಕೆ ಬಂದಾಗ 25 ಡಿಗ್ರಿ ಎತ್ತರ. ಜನವರಿ ಮೊದಲಲ್ಲಿ ನಡುರಾತ್ರಿ, ಫೆಬ್ರವರಿ ಮೊದಲಲ್ಲಿ 10ರ ಸುಮಾರಿಗೆ, ಮಾರ್ಚ್ ಮೊದಲಲ್ಲಿ ಎಂಟೂಕಾಲಿಗೆ. ಲುಬ್ಧಕ (ಸಿರಿಯಸ್) ಕಂಡರೆ ಅದರ ಕೆಳಗೆ ಮೂರೂವರೆ ಮುಷ್ಟಿ, ತಪ್ಪುವ ಹಾಗೇ ಇಲ್ಲ.

ತ್ರಿಶಂಕು ನೇರ ದಕ್ಷಿಣಕ್ಕೆ ಬರುವುದು: ಫೆಬ್ರವರಿ 20ಕ್ಕೆ ಬೆಳಗಿನ ಜಾವ 3, ಮಾರ್ಚ್ 20ಕ್ಕೆ ರಾತ್ರಿ 1, ಏಪ್ರಿಲ್ 20ಕ್ಕೆ 11, ಮೇ 20ಕ್ಕೆ 9. ದಿನಕ್ಕೆ 4 ನಿಮಿಷ, ತಿಂಗಳಿಗೆ 2 ಗಂಟೆ ಹಿಂದೆ ಬರುತ್ತದೆ, ಅಷ್ಟು ನೆನಪಿದ್ದರೆ ಪಟ್ಟಿ ಬೇಡ. ಮೇಲಿನ ಚುಕ್ಕೆ 20 ಡಿಗ್ರಿ, ಕೆಳಗಿನದು 14. ಮಾರ್ಚಿನಲ್ಲಿ ಒಂಬತ್ತೂವರೆಗೇ ದಕ್ಷಿಣದಲ್ಲಿ ಒಂದು ಶಿಲುಬೆ ಕಂಡು 'ಸಿಕ್ಕಿತು' ಅಂತ ಮನೆಗೆ ಹೋಗುವವರು ಬಹಳ ಮಂದಿ. ಅದು ಸುಳ್ಳು ಶಿಲುಬೆ: ಅಸಲಿಗಿಂತ ದೊಡ್ಡದು, ಮಂಕು. ಅಸಲಿ ತ್ರಿಶಂಕುವಿನ ಎಡಕ್ಕೆ ಎರಡು ಪ್ರಖರ ಚುಕ್ಕೆಗಳು, ಕಿನ್ನರದ (ಸೆಂಟಾರಸ್) ಆಲ್ಫಾ ಮತ್ತು ಬೀಟಾ, ಬಂದೇ ಬರುತ್ತವೆ. ಅವಿಲ್ಲದಿದ್ದರೆ ಅದು ತ್ರಿಶಂಕುವಲ್ಲ.

ಒಮೆಗಾ ಸೆಂಟಾರಿಗೆ ಸುಲಭದ ದಾರಿ ಚಿತ್ತಾ ನಕ್ಷತ್ರ. ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನೇರ ದಕ್ಷಿಣಕ್ಕೆ ಬರುತ್ತವೆ: ಮಾರ್ಚ್ 20ಕ್ಕೆ ರಾತ್ರಿ 2, ಏಪ್ರಿಲ್ 20ಕ್ಕೆ ನಡುರಾತ್ರಿ. ಚಿತ್ತಾ 66 ಡಿಗ್ರಿಯಲ್ಲಿರುತ್ತದೆ, ಅಲ್ಲಿಂದ ನೇರ ಕೆಳಕ್ಕೆ ಮೂರೂವರೆ ಮುಷ್ಟಿ ಇಳಿದರೆ 30 ಡಿಗ್ರಿಯಲ್ಲಿ ಒಮೆಗಾ. 10×50ರಲ್ಲಿ ಹತ್ತಿಯುಂಡೆ, ನಿಮ್ಮ 6 ಇಂಚಿನಲ್ಲಿ 60–100 ವರ್ಧನೆಗೆ ಸಕ್ಕರೆ ಚೆಲ್ಲಿದ ಹಾಗೆ ಬಿಡಿಬಿಡಿಯಾಗುತ್ತದೆ. ಯುರೋಪಿನ ಬಹುಪಾಲು ಜನ ಇದನ್ನು ನೋಡಲು ವಿಮಾನ ಹತ್ತಿ ಬರಬೇಕು.

ಈಗ ಮಂಜುಮಾಪಕರ ಮಾತಿನ ಜೊತೆ ಇದನ್ನು ಕೂಡಿಸಿ ನೋಡಿ. ಫೆಬ್ರವರಿಯ 3 ಗಂಟೆ ಮಂಜಿನ ಹೊತ್ತು. ಏಪ್ರಿಲಿನ ಸಂಜೆ ಮೋಡದ್ದು, ಅದು ಕರಗಿ ರಾತ್ರಿ ಒಂದಾಗುವಷ್ಟರಲ್ಲಿ ತ್ರಿಶಂಕು 13 ಡಿಗ್ರಿಗೆ ಇಳಿದು ಬಲಕ್ಕೆ ವಾಲಿರುತ್ತದೆ. ಹಾಗಾಗಿ ದಕ್ಷಿಣದ ಆಕಾಶಕ್ಕೆ ನಮ್ಮಲ್ಲಿ ಸರಿಯಾದ ಕಾಲ ಮಾರ್ಚ್ ತಿಂಗಳು, ರಾತ್ರಿ 12ರಿಂದ 3. ಒಂದೇ ಒಂದು ರಾತ್ರಿ ಹೋಗುವುದಾದರೆ ಆ ತಿಂಗಳ ಅಮಾವಾಸ್ಯೆಯ ಆಸುಪಾಸು ಹೋಗಿ.

ಆಕಾಶಗಂಗೆಯ ನಡುಭಾಗದ್ದೂ ಇದೇ ಹಾಡು. ಅದು ಚೆನ್ನಾಗಿ ಏರುವ ಜೂನ್–ಆಗಸ್ಟ್ ನಮಗೆ ಮಳೆಗಾಲ. ಮಾರ್ಚ್ 20ಕ್ಕೆ ರಾತ್ರಿ 12.45ರ ಸುಮಾರಿಗೆ ಹುಟ್ಟಿ, ಬೆಳಗಾಗುವ ಮೊದಲು 5 ಗಂಟೆಗೆ ದಕ್ಷಿಣದ ಕಡೆ ಸುಮಾರು 44 ಡಿಗ್ರಿಗೆ ಏರಿರುತ್ತದೆ. ಅದೇ ಮಾರ್ಚ್ ರಾತ್ರಿಯಲ್ಲಿ ಎರಡು ಹಕ್ಕಿ. ಆಗಸ್ಟ್ 12ರ ಪರ್ಸೀಡ್ ಉಲ್ಕೆಗಳನ್ನು ಪತ್ರಿಕೆಗಳು ಪ್ರತಿ ವರ್ಷ ನೆನಪಿಸುತ್ತವೆ, ಕೊಡಗಿನವರು ಪುಟ ತಿರುಗಿಸಿದರೆ ಸಾಕು. ನಮ್ಮದು ಡಿಸೆಂಬರ್ 13–14ರ ಜೆಮಿನಿಡ್. ಮಿಥುನ ರಾಶಿ ರಾತ್ರಿ 8ರ ಹೊತ್ತಿಗೆ ಮೂಡಿ 2.30ಕ್ಕೆ ನೆತ್ತಿಯ ಹತ್ತಿರ ಬರುತ್ತದೆ, 9ರಿಂದಲೇ ಉಲ್ಕೆ ಸಿಗುತ್ತವೆ.

ಚಂದ್ರನ ಲೆಕ್ಕಕ್ಕೆ ಗೋಡೆಯ ಕ್ಯಾಲೆಂಡರ್ ಸಾಕು. ಸಂಜೆ ನೋಡುವುದಾದರೆ ಕೃಷ್ಣ ಷಷ್ಠಿಯಿಂದ ಶುಕ್ಲ ಚೌತಿವರೆಗೆ. ನಡುರಾತ್ರಿಯ ನಂತರ ನೋಡುವುದಾದರೆ ಕೃಷ್ಣ ದ್ವಾದಶಿಯಿಂದ ಶುಕ್ಲ ಸಪ್ತಮಿವರೆಗೆ, ಸಪ್ತಮಿಯ ಚಂದ್ರ ನಡುರಾತ್ರಿ ಸುಮಾರಿಗೆ ಮುಳುಗುತ್ತಾನೆ. ಹುತ್ತರಿಗೆ ಊರಿಗೆ ಬಂದಾಗ ನೋಡೋಣ ಅನ್ನುವವರಿಗೆ ಹೇಳಿಬಿಡುತ್ತೇನೆ, ಹುತ್ತರಿ ಬರುವುದೇ ಹುಣ್ಣಿಮೆಗೆ.

---

ಐಗೂರುಹೊಳೆ

ಉಪಕಾರವಾಯಿತು. ಒಂದು ಕಣ ಕಣ್ಣಲ್ಲಿದೆ. ದಕ್ಷಿಣದ ಸಿಲ್ವರ್ ಓಕ್ ಅಳೆದರೆ ಒಂದೂವರೆ ಮುಷ್ಟಿ ಬರುತ್ತದೆ, ತ್ರಿಶಂಕು ಅರ್ಧ ಮುಚ್ಚಿಹೋಗುತ್ತದೆ. 150 ಮೀಟರ್ ಹಿಂದೆ, ಸ್ವಲ್ಪ ಎತ್ತರದಲ್ಲಿ ಕಾಡಂಚಿನ ಬಾಣೆ ಇದೆ, ಅಲ್ಲಿಂದ ಪೂರ್ತಿ ತೆರೆದಿದೆ. ಅಲ್ಲಿಗೆ ಹೋಗಬಹುದಾ? ಸಲಕರಣೆಯನ್ನು ಇಬ್ಬನಿಯಿಂದ ಕಾಪಾಡುವುದು ಹೇಗೆ?

---

ಗಮ್‌ಬೂಟು

ಕಾಡಂಚಿನ ಬಾಣೆ ಬೇಡ ಮಾರಾಯ್ರೇ. ಆಕಾಶಕ್ಕಿಂತ ಮುಂಚೆ ಆನೆಯ ಕ್ಯಾಲೆಂಡರ್ ನೋಡಿ. ನವೆಂಬರ್–ಡಿಸೆಂಬರ್ ಗದ್ದೆಯಲ್ಲಿ ಭತ್ತ ಹಣ್ಣಾಗುವ ಕಾಲ, ಜನವರಿ–ಫೆಬ್ರವರಿ ರೊಬಸ್ಟಾ ಹಣ್ಣು, ಏಪ್ರಿಲ್‌ನಿಂದ ಹಲಸು. ಮಾರ್ಚ್ ಬೇಸಿಗೆಯಲ್ಲಿ ಅವು ನೀರಿಗಾಗಿ ತೋಟದ ಕೆರೆಗೆ ಬರುತ್ತವೆ. ಬಿಡುವು ಇರುವ ತಿಂಗಳೇ ಇಲ್ಲ. ಇಷ್ಟು ದೊಡ್ಡ ಪ್ರಾಣಿ ನಡೆದು ಬರುವಾಗ ಸದ್ದಾಗುತ್ತದೆ ಅಂತ ನೆಚ್ಚಬೇಡಿ, ಹತ್ತು ಮಾರು ದೂರಕ್ಕೆ ಬರುವವರೆಗೂ ಗೊತ್ತಾಗುವುದಿಲ್ಲ. ಕತ್ತಲಿಗೆ ಕಣ್ಣು ಒಗ್ಗಿಸಿಕೊಂಡು, ಒಂದು ಕಣ್ಣನ್ನು ಐಪೀಸಿಗೆ ಕೊಟ್ಟು ನಿಂತವನಿಗಂತೂ ಗೊತ್ತಾಗುವುದೇ ಇಲ್ಲ.

ಕಣದಲ್ಲೇ ಇರಿ. ಮನೆ ಅಥವಾ ಲೈನ್‌ಮನೆಯಿಂದ (ತೋಟದ ಕೆಲಸಗಾರರ ಸಾಲುಮನೆ) ಓಡುವಷ್ಟು ದೂರದಲ್ಲಿ, ಇಬ್ಬರಿಗಿಂತ ಕಡಿಮೆ ಇಲ್ಲದೆ. ಹೋಗುವ ದಿನ ಮಧ್ಯಾಹ್ನ ತೋಟದವರನ್ನು ಕೇಳಿ, ಹಿಂದಿನ ಎರಡು ರಾತ್ರಿ ಆನೆ ಬಂದಿತ್ತಾ ಎಂದು. ಹಸಿ ಲದ್ದಿ, ಮುರಿದ ಬಾಳೆ, ಬಾಗಿದ ಬೇಲಿ ಕಂಡರೆ ಆ ವಾರ ಹೋಗಬೇಡಿ. ಅರಣ್ಯ ಇಲಾಖೆ ಆನೆಗಳ ಸಂಚಾರದ ಸಂದೇಶ ಕಳಿಸುವ ಗುಂಪುಗಳಿವೆ, ಸ್ಥಳೀಯ ವಲಯ ಕಚೇರಿಯಲ್ಲಿ ಹೆಸರು ಸೇರಿಸಿಕೊಳ್ಳಿ. ಕಾರಿನ ಮುಖ ರಸ್ತೆ ಕಡೆಗೆ, ಕೀ ಜೇಬಿನಲ್ಲಿ. ಆನೆ ಬಂತೆಂದರೆ ದೂರದರ್ಶಕ ಅಲ್ಲೇ ಬಿಟ್ಟು ಒಳಗೆ ಹೋಗಿ. ಟಾರ್ಚನ್ನು ಅದರ ಮುಖಕ್ಕೆ ಹಿಡಿಯುವುದು, ಫೋಟೊ ತೆಗೆಯುವುದು ಬೇಡ.

ನೆಲದ ಅಪಾಯ ಬೇರೆ. ತೋಟದಲ್ಲಿ ಕಾಫಿ ಸಾಲಿನ ನಡುವೆ ಮಳೆನೀರು ಇಂಗಿಸುವ ತೊಟ್ಟಿಲುಗುಂಡಿ, ಅಂಚಿನಲ್ಲಿ ಆನೆಕಂದಕ, ಸೋಲಾರ್ ಬೇಲಿ. ಕೆಂಪು ಟಾರ್ಚಿನ ಮಂದ ಬೆಳಕಿನಲ್ಲಿ ಒಂದೂ ಕಾಣುವುದಿಲ್ಲ. ಕೂರುವ ಜಾಗ, ಕಾರು, ಮನೆ, ಈ ಮೂರರ ನಡುವಿನ ದಾರಿಯನ್ನು ಹಗಲಲ್ಲೇ ನಡೆದು ನೋಡಿಕೊಳ್ಳಿ. ಕಾಲಿಗೆ ಗಮ್‌ಬೂಟು. ಹಾವಿಗೂ ಆಯಿತು, ಮಳೆ ತಡವಾಗಿ ಬಿಟ್ಟ ವರ್ಷ ಜಿಗಣೆಗೂ ಆಯಿತು.

ಮರದ ವಿಷಯಕ್ಕೆ: ಒಂದೂವರೆ ಮುಷ್ಟಿ ಅಂದರೆ 15 ಡಿಗ್ರಿ. ತ್ರಿಶಂಕುವಿನ ಮೇಲಿನ ಮೂರು ಚುಕ್ಕೆ ಸಿಗುತ್ತವೆ, ಕೆಳಗಿನದು ಮಾತ್ರ ಎಲೆಗಳ ಹಿಂದೆ. ಬೈನಾಕ್ಯುಲರ್ ಹಿಡಿದು ಕಣದ ಉತ್ತರದ ಅಂಚಿಗೆ ಹೋದರೆ ಎರಡು ಮೂರು ಡಿಗ್ರಿ ಸಿಕ್ಕೀತು, ಅದೂ ಸಾಲದಿದ್ದರೆ ಸಾಲಿನ ನಡುವೆ ಸಂದಿ ಎಲ್ಲಿದೆ ನೋಡಿ. ತ್ರಿಶಂಕು ದಕ್ಷಿಣದಲ್ಲಿ ಗಂಟೆಗೆ ಸುಮಾರು ಏಳೆಂಟು ಡಿಗ್ರಿಯಂತೆ ಬಲಕ್ಕೆ ಸರಿಯುತ್ತಾ ಹೋಗುತ್ತದೆ, ಆ ಸಂದಿಗೆ ಬರುವ ಹೊತ್ತಿಗೆ ಕಾದು ಕೂತರಾಯಿತು.

---

ಡಾಬ್‌ ಮೇಷ್ಟ್ರು

ಇಬ್ಬನಿ ವಿಚಾರ. ಲೋಹ, ಗಾಜು ಆಕಾಶಕ್ಕೆ ನೇರವಾಗಿ ಶಾಖ ಬಿಡುವುದರಿಂದ ಗಾಳಿಗಿಂತ ಎರಡು ಮೂರು ಡಿಗ್ರಿ ಹೆಚ್ಚು ತಣ್ಣಗಾಗುತ್ತವೆ. ಅದಕ್ಕೇ ಮಂಜು ಬರುವ ಗಂಟೆಗಟ್ಟಲೆ ಮೊದಲೇ ಮಸೂರ ಬೆವರುತ್ತದೆ. ಮೊದಲು ಕೆಡುವುದು ಫೈಂಡರ್ (ಗುರಿ ಹಿಡಿಯುವ ಪುಟ್ಟ ದುರ್ಬೀನು), ಆಮೇಲೆ ಐಪೀಸ್, ಕೊನೆಗೆ ಕೊಳವೆಯ ತಳದಲ್ಲಿರುವ ಕನ್ನಡಿ.

ಉಪಾಯ: ಟ್ರೆಕ್ಕಿಂಗ್‌ನವರು ಹಾಸಿಕೊಳ್ಳುವ ಫೋಮ್ ಚಾಪೆಯನ್ನು ಕತ್ತರಿಸಿ ಕೊಳವೆಯ ಬಾಯಿಗೆ ಸುತ್ತಿ. ಬಾಯಿಯ ಅಗಲದ ಒಂದೂವರೆ ಪಟ್ಟು ಮುಂದಕ್ಕೆ ಚಾಚಿರಬೇಕು, ನಿಮ್ಮ 6 ಇಂಚಿಗೆ 9 ಇಂಚು. ಬೈನಾಕ್ಯುಲರಿಗೂ ಅದೇ ಲೆಕ್ಕ, 50 ಮಿ.ಮೀ.ಗೆ ಮೂರು ಇಂಚು. ಬಳಸದ ಐಪೀಸ್ ಜರ್ಕಿನ್ ಜೇಬಿನೊಳಗೆ ಇರಲಿ. ಫೈಂಡರಿಗೆ ಯುಎಸ್‌ಬಿ ಹೀಟರ್ ಪಟ್ಟಿ ಸಿಗುತ್ತದೆ. 7 ವ್ಯಾಟಿನದಾದರೆ 10,000 ಎಂಎಎಚ್ ಪವರ್‌ಬ್ಯಾಂಕಿನಲ್ಲಿ ನಾಲ್ಕು ಗಂಟೆ ಓಡುತ್ತದೆ. ಬೆವರಿದ ಗಾಜನ್ನು ಶರ್ಟಿನ ತುದಿಯಲ್ಲಿ ಒರೆಸಬೇಡಿ, ಧೂಳು ಸೇರಿ ಲೇಪನ ಗೀರುತ್ತದೆ. ಬೀಸಣಿಗೆಯಿಂದ ಗಾಳಿ ಹಾಕಿ ಒಣಗಿಸಿ.

ಮನೆಗೆ ಬಂದ ಮೇಲೆ ಒದ್ದೆ ಸಲಕರಣೆಯನ್ನು ಚೀಲಕ್ಕೆ ತುಂಬಿ ಜಿಪ್ ಎಳೆದರೆ ಅದರ ಆಯುಷ್ಯ ಮುಗಿಯಿತು. ಮುಚ್ಚಳ ತೆಗೆದು, ಬಾಯಿ ಕೆಳಮುಖವಾಗಿಸಿ, ಮಾರನೆಯ ಮಧ್ಯಾಹ್ನದವರೆಗೆ ಕೋಣೆಯಲ್ಲಿ ಒಣಗಲಿ. ಕೊಡಗಿನಲ್ಲಿ ದೂರದರ್ಶಕ ಹಾಳಾಗುವುದು ಬಳಸಿ ಅಲ್ಲ, ಜೂನ್‌ನಿಂದ ಸೆಪ್ಟೆಂಬರ್ ಮನೆಯಲ್ಲಿಟ್ಟು. ಮಸೂರದ ಒಳಗೆ ಜೇಡನ ಬಲೆಯಂತೆ ಬೂಷ್ಟು ಹಬ್ಬುತ್ತದೆ, ಲೇಪನವನ್ನು ತಿಂದ ಮೇಲೆ ತೊಳೆದರೂ ಕಲೆ ಹೋಗುವುದಿಲ್ಲ. ಮಳೆಗಾಲಕ್ಕೆ ರಬ್ಬರ್ ಅಂಚಿನ ಗಾಳಿಯಾಡದ 20 ಲೀಟರ್ ಪ್ಲಾಸ್ಟಿಕ್ ಡಬ್ಬ, ಒಳಗೆ ಅರ್ಧ ಕೆ.ಜಿ. ಕಿತ್ತಳೆ ಬಣ್ಣದ ಸಿಲಿಕಾ ಜೆಲ್, ಒಂದು ಚಿಕ್ಕ ಆರ್ದ್ರತೆ ಮಾಪಕ. 40ರಿಂದ 50ರ ನಡುವೆ ಇರಲಿ, 60 ದಾಟಬಾರದು. ಜೆಲ್ ಹಸಿರಾದಾಗ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ, ಇಲ್ಲವೇ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಣ್ಣ ಮರಳುವವರೆಗೆ ಕೈಯಾಡಿಸಿ. ಆ ಬಾಣಲೆ ಮತ್ತೆ ಅಡುಗೆಗೆ ಬೇಡ. ಚರ್ಮದ ಚೀಲ ಡಬ್ಬದೊಳಗೆ ಇಡಬೇಡಿ, ಬೂಷ್ಟಿಗೆ ಅದೇ ಊಟ. ಡಾಬ್ಸೋನಿಯನ್ ಕೊಳವೆ ಡಬ್ಬಕ್ಕೆ ಹಿಡಿಸುವುದಿಲ್ಲ. ಎರಡೂ ಬಾಯಿ ಪ್ಲಾಸ್ಟಿಕ್ ಹಾಳೆಯಿಂದ ಬಿಗಿದು, ಒಳಗೆ ಬಟ್ಟೆಚೀಲದಲ್ಲಿ 200 ಗ್ರಾಂ ಜೆಲ್ ತೂಗುಬಿಡಿ.

ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಒಣಗಿರುತ್ತದೆ ಅನ್ನುವವರಿದ್ದಾರೆ. ಒಣಗಿರುತ್ತದೆ, ಜೊತೆಗೆ ಹೊಗೆಯ ಜಿಡ್ಡೂ ಕೂತಿರುತ್ತದೆ. ಬೀರುವಿನಲ್ಲಿ ಬಲ್ಬು ಉರಿಸುವ ಹಳೆಯ ಉಪಾಯ ತಂತಿಯ ಬಲ್ಬಿಗೆ ಸರಿ, ಎಲ್‌ಇಡಿಗೆ ಅಷ್ಟು ಶಾಖ ಇಲ್ಲ.

---

ಮಂಜುಮಾಪಕ

ಒಂದು ಬಿಟ್ಟುಹೋಗಿತ್ತು. ಮಂಜು ಶುರುವಾಗುವುದು ಕಣ್ಣಿಗೆ ತಿಳಿಯುವ ಮೊದಲೇ ಎರಡು ಗುರುತು ಸಿಗುತ್ತವೆ. ಲುಬ್ಧಕದಂಥ ಪ್ರಖರ ನಕ್ಷತ್ರದ ಸುತ್ತ ಮಸುಕು ಪ್ರಭೆ ಕೂಡುತ್ತದೆ. ಟಾರ್ಚನ್ನು ಮೇಲಕ್ಕೆ ಹಿಡಿದರೆ ಬೆಳಕು ಕೋಲಿನಂತೆ ಕಾಣುತ್ತದೆ. ಈ ಎರಡನೆಯದು ಬಂದ ಮೇಲೆ ನಿಮಗಿರುವುದು ಇಪ್ಪತ್ತು ಮೂವತ್ತು ನಿಮಿಷ. ದೂರದರ್ಶಕ ಮೊದಲು ಒಳಗೆ ಹೋಗಲಿ, ಬೈನಾಕ್ಯುಲರ್ ಕೊನೆಗೆ. ಮನೆಗೆ ಹೋಗುವ ರಸ್ತೆ ಗದ್ದೆಬಯಲಿನ ಮೂಲಕ ಹಾದುಹೋಗುತ್ತಿದ್ದರೆ ಅಲ್ಲಿ ಆಗಲೇ ದಟ್ಟವಾಗಿರುತ್ತದೆ. ಹೈಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ, ಲೋಬೀಮಿನಲ್ಲಿ ನಿಧಾನ ಬನ್ನಿ.